ಜಪದ ಉಳಿದ ಅರ್ಧ

ನೆಲ್ಯಾಡಿ, ಕಡಬ ತಾಲೂಕು
೯ ಮಾರ್ಚ್ ೨೦೨೫, ಆದಿತ್ಯವಾರ

ಪ್ರೀತಿಯ ಜೋಸ್ನಾ ಮೋಳೆ,

ನಿನ್ನ ಅಪ್ಪನ ತಮ್ಮ ಇಟ್ಟಿ ಕೊಚ್ಚಪ್ಪನ್ ಬರೆಯುವುದು. ನಾನು ಕ್ಷೇಮ, ಜೇನುಪೆಟ್ಟಿಗೆಗಳು ಕ್ಷೇಮ, ನೀನು ಹೆಸರಿಟ್ಟ ಬೆಕ್ಕು ನನಗಿಂತ ಹೆಚ್ಚು ಕ್ಷೇಮ. ಕ್ರಿಸ್ಮಸ್ಸಿಗೆ ನೀನು ಕಳಿಸಿದ ಮೆಸೇಜಿಗೆ ಈಸ್ಟರಿನ ಉಪವಾಸದ ನೋಂಬು ಶುರುವಾದ ಮೇಲೆ ಉತ್ತರ ಬರೆಯುವ ಗಂಡಸು ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಬೇಜಾರು ಮಾಡಬೇಡ.

ಫೋನಿನಲ್ಲೇ ಬರೆಯಬಹುದಿತ್ತು. ಆದರೆ ನನ್ನ ಬೆರಳಿಗೂ ಆ ಫೋನಿಗೂ ಆಗಿಬರುದಿಲ್ಲ. ಮೊನ್ನೆ ನೆರೆಮನೆಯ ತೀರ್ಥರಾಮನಿಗೆ ಅಂತ ಒತ್ತಿದ ಬೈಗುಳ ಇಗರ್ಜಿಯ ಗ್ರೂಪಿಗೆ ಹೋಗಿ ಬಿದ್ದಿತು. ನಾಲ್ಕೈದು ಜನ ಓದದೆಯೇ ಅದಕ್ಕೆ ಕೈಮುಗಿದ ಚಿತ್ರ ಹಾಕಿದ್ದಾರೆ. ಕಾಗದ ಹಾಗಲ್ಲ, ಅಂಟು ಹಚ್ಚಿದರೆ ನೀನು ಮಾತ್ರ ಒಡೆಯುದು. ಮಲಯಾಳದಲ್ಲಿ ಬರೆಯೋಣವೆಂದರೆ ಅದು ನನ್ನ ಬಾಯಿಗೆ ಬರುವ ಭಾಷೆ, ಮಗಳನ್ನು ಮೋಳೆ ಅಂತ ಕರೆಯಲಿಕ್ಕೆ ಸಾಕು, ಕೈಗೆ ಬಾರದು. ಏಳನೇ ಕ್ಲಾಸಿನ ತನಕ ಕಲಿತದ್ದು ಕನ್ನಡ. ಮೇಷ್ಟ್ರು ನನ್ನ ಅಕ್ಷರ ನೋಡಿ, "ಇಟ್ಟಿ, ನೀನು ಮಂಗಳೂರಿನಲ್ಲಿ ಬೋರ್ಡು ಬರೆಯಬೇಕಾದವನು ಮಾರಾಯ" ಅಂದಿದ್ದರು. ಎಂಟಕ್ಕೆ ಹೋಗಿದ್ದರೆ ನಾನು ಈಗ ಎಲ್ಲಿರುತ್ತಿದ್ದೆನೋ. ಹೋಗಲಿ.

ರಬ್ಬರ್ ಚಿಗುರಿದೆ. ಎಳೆ ಎಲೆಯ ಬುಡದ ಸಿಹಿಯನ್ನು ಹುಳಗಳು ಹೊತ್ತು ತರುವ ಕಾಲ. ಸುಳ್ಯದಿಂದ ಪುತ್ತೂರಿನವರೆಗೆ ನನ್ನ ಜೇನಿನಂಥ ಜೇನು ಯಾರದ್ದೂ ಇಲ್ಲ. ಇದು ನಾನು ಹೇಳುದಲ್ಲ. ಹೇಳುವವರು ಯಾರಾದರೂ ಸಿಕ್ಕಿದರೆ ಅವರೂ ಹೀಗೆಯೇ ಹೇಳಬೇಕು. ನಿನಗೆ ಒಂದು ಬಾಟಲಿ ತೆಗೆದಿಟ್ಟಿದ್ದೇನೆ. ದಾವಣಗೆರೆಗೆ ಕೊರಿಯರ್ ಮಾಡುದಿಲ್ಲ. ಬೇಕಾದರೆ ಬಂದು ತೆಗೆದುಕೊಂಡು ಹೋಗು.

ಈಗ ದೊಡ್ಡ ಸುದ್ದಿ. ನಮ್ಮ ಇಗರ್ಜಿಯ ಪಾದ್ರಿ ಜೆಫಿನ್ ಅಚ್ಚನನ್ನು ನೀನು ಒಮ್ಮೆ ನೋಡಿದ್ದೀ. ಗಡ್ಡ ಬಿಟ್ಟುಕೊಂಡು, ಸ್ಕೂಟರಿನಲ್ಲಿ ತಿರುಗುವ ಸಪೂರದ ಹುಡುಗ. ಕೊಚ್ಚಮ್ಮ ನನ್ನೊಬ್ಬನನ್ನು ಬಿಟ್ಟು ತೀರಿಹೋದ ನಲವತ್ತೊಂದನೇ ದಿನದ ಪ್ರಾರ್ಥನೆ ನಡೆಸಿಕೊಟ್ಟದ್ದು ಅವರೇ. ಆ ದಿನದ ಮಾತು ನಿನಗೆ ಬೇಡ ಅಂತ ಗೊತ್ತುಂಟು. ಆದರೆ ಎಲ್ಲಾ ಶುರುವಾದದ್ದು ಅಲ್ಲಿಂದ, ಎಂತ ಮಾಡುದು?

ಹೈಸ್ಕೂಲಿನ ವರ್ಷಗಳೆಲ್ಲ ನೀನು ನಮ್ಮ ಮನೆಯಲ್ಲೇ ಇದ್ದು, ಸಂಜೆಯ ಜಪಸರಕ್ಕೆ ಉತ್ತರ ಹೇಳುತ್ತಿದ್ದವಳು. ಹಾಗಾಗಿ ಆ ದಿನವೂ ಉತ್ತರ ನೀನೇ ಹೇಳಬೇಕು ಅಂತ ಎಲ್ಲರೂ ನಿನ್ನ ಕಡೆ ನೋಡಿದರು. ನೀನು ಪುಸ್ತಕವನ್ನು ಮೆಲ್ಲ ಕೆಳಗಿಟ್ಟು, "ಕೊಚ್ಚಮ್ಮನ ಮೇಲೆ ನನಗೆ ಪ್ರೀತಿ ಉಂಟು. ಆದರೆ ಇದು ನನ್ನಿಂದ ಆಗುದಿಲ್ಲ. ಆ ಕಡೆ ಯಾರೂ ಇದ್ದ ಹಾಗೆ ನನಗೆ ಕಾಣುದಿಲ್ಲ" ಅಂದೆ. ಊಟದ ಪಾತ್ರೆಗಳ ಹತ್ತಿರ ನಿಂತಿದ್ದ ನನ್ನ ಕೈಯಿಂದ ಸೌಟು ಬಿದ್ದು ಕೋಳಿ ಗಸಿ ನಿನ್ನ ಅಪ್ಪನ ಬಿಳಿ ಮುಂಡಿಗೆ ಹಾರಿತು. ಅಣ್ಣನ ಸಿಟ್ಟು ತಿರುಗಿಸಲಿಕ್ಕೆ ಬೇಕಂತಲೇ ಬೀಳಿಸಿದ್ದು ಅಂತ ನಾನು ಊರಿಡೀ ಹೇಳಿಕೊಂಡು ಬಂದಿದ್ದೇನೆ. ಆದರೂ ಟೋಣಿಯಣ್ಣ ಸುಮ್ಮನಾಗಲಿಲ್ಲ. "ಮೊಣಕಾಲೂರುವವರು ಮಾತ್ರ ನನ್ನ ಮೆಟ್ಟಿಲು ಹತ್ತಿದರೆ ಸಾಕು" ಅಂದುಬಿಟ್ಟ. ನೀನು ಊಟ ಮಾಡದೆ ಬಸ್ಸು ಹತ್ತಿದೆ. ಅದರ ಮೇಲೆ ಈ ಕಡೆ ಬರಲೇ ಇಲ್ಲ.

ಆ ದಿನ ಅಚ್ಚನ್ ಎಂತದ್ದೂ ಹೇಳಲಿಲ್ಲ. ಆದರೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ ಅಂತ ಈಗ ಗೊತ್ತಾಯಿತು. ಈ ನೋಂಬಿನ ಒಂದು ಶನಿವಾರ ಇಗರ್ಜಿಯ ಹಾಲಿನಲ್ಲಿ ಕಾರ್ಯಕ್ರಮ ಇಟ್ಟಿದ್ದಾರೆ. 'ನಾಸ್ತಿಕತೆ, ಆಧುನಿಕ ಸಂಸ್ಕೃತಿ: ನಮ್ಮ ಉತ್ತರ' ಅಂತ ಬ್ಯಾನರ್ ಕೂಡ ಬಂದಿದೆ. ಅಚ್ಚನಿಗೆ ಒಂದೇ ಕಷ್ಟ. ಉತ್ತರಗಳೆಲ್ಲ ರೆಡಿ ಉಂಟು, ಪ್ರಶ್ನೆ ಕೇಳುವವರಿಲ್ಲ. ನಾಸ್ತಿಕನಾಗಿ ಎದ್ದು ನಿಲ್ಲುವವರು ಯಾರು ಅಂದರೆ ಪೂಜೆಗೆ ಬಂದವರೆಲ್ಲ ಚಪ್ಪಲಿ ನೋಡಿಕೊಂಡರು. ಆಗ ಎದ್ದದ್ದು ಯಾರು? ನಿನ್ನ ಕೊಚ್ಚಪ್ಪನ್.

"ಇಟ್ಟಿ ಚೇಟ್ಟಾ, ಇದು ನಾಟಕ ಅಲ್ಲ" ಅಂದರು ಅಚ್ಚನ್.

"ಅಚ್ಚಾ, ಹಬ್ಬದ ನಾಟಕದಲ್ಲಿ ಹೆರೋದ ರಾಜ ಅಂದರೆ ನಾನೇ. ಶಿಶುಗಳನ್ನು ಕೊಲ್ಲಿಸುವಾಗ ಹೆಂಗಸರು ನನಗೆ ಹೊಡೆಯಲಿಕ್ಕೆ ಕೊಡೆ ಎತ್ತಿದ್ದಾರೆ. ದೇವರಿಲ್ಲ ಅಂತ ಹೇಳುದು ಯಾವ ದೊಡ್ಡ ಕೆಲಸ?"

ಮೊನ್ನೆ ಪಾದ್ರಿಮನೆಯಲ್ಲಿ ಪ್ರಾಕ್ಟೀಸ್ ಆಯಿತು. ನಾನು ಗಂಟಲು ಸರಿಮಾಡಿಕೊಂಡು, "ದೇವರು ಇದ್ದರೆ ಕಾಡುಹಂದಿಯನ್ನು ಯಾಕೆ ಮಾಡಿದ?" ಅಂತ ಕೇಳಿದೆ. ಅಚ್ಚನ ಚಹಾ ಮೂಗಿನಿಂದ ಬಂತು. "ಚೇಟ್ಟಾ, ಇದು ನಾಸ್ತಿಕರು ಕೇಳುದಲ್ಲ, ಕೃಷಿಕರು ಕೇಳುದು" ಅಂದರು. ಹಾಗಾಗಿ ನಿನ್ನ ಹತ್ತಿರ ಬಂದಿದ್ದೇನೆ. ನಾಲ್ಕು ಒಳ್ಳೆಯ ಪ್ರಶ್ನೆ ಕಳಿಸು, ಅಸಲಿ ಮಾಲು. ಊರಿನಲ್ಲಿ ಕೇಳಿದರೆ ತೀರ್ಥರಾಮ ತಮಾಷೆ ಮಾಡ್ತಾನೆ. "ಎಂತ ಇಟ್ಟಿಯಣ್ಣ, ನಿಮ್ಮಲ್ಲಿ ದೇವರಿಲ್ಲ ಅಂತ ಹೇಳ್ಲಿಕ್ಕೂ ಪಾದ್ರಿಗಳ ಪರ್ಮಿಶನ್ ಬೇಕಾ ಮಾರಾಯ್ರೆ?"

ಸಂಜೆ ಈಗ ನಾನೊಬ್ಬನೇ ಜಪಸರ ಹಿಡಿದು ಕೂರುದು. ನಿನಗೆ ನೆನಪಿರಬೇಕು. ಒಂದೊಂದು ಮಣಿಯ ಪ್ರಾರ್ಥನೆಗೂ ಮೊದಲರ್ಧ ಕೊಚ್ಚಮ್ಮ, ಉತ್ತರವಾಗಿ ಉಳಿದರ್ಧ ನೀನು, ನಡುವೆ ಗೊರಕೆ ನನ್ನದು. ಜಪ ಮುಗಿದ ಕೂಡಲೇ ನೀನು ಬಂದು ಕೈಮುಗಿದು ಸ್ತುತಿ ಕೊಡುತ್ತಿದ್ದೆ, "ಈಶೋಗೆ ಸ್ತುತಿಯಾಗಲಿ" ಅಂತ. ದೊಡ್ಡವನಾದ ನಾನು "ಈಗಲೂ ಯಾವಾಗಲೂ" ಅನ್ನಬೇಕು. ಒಂದು ದಿನ ನಿದ್ದೆಗಣ್ಣಿನಲ್ಲಿ "ಊಟ ಆಯಿತಾ?" ಅಂದೆ. ಕೊಚ್ಚಮ್ಮ ನಕ್ಕು ನಕ್ಕು ಅಡಿಗೆಕೋಣೆಗೆ ಓಡಿದ್ದಳು. ಈಗ ಎರಡು ಅರ್ಧವೂ ನಾನೇ ಹೇಳುದು. ನಿದ್ದೆ ಬರುದಿಲ್ಲ ಮೋಳೆ. ಎರಡು ಕಡೆಯ ಕೆಲಸ ಮಾಡುವವನಿಗೆ ನಿದ್ದೆ ಎಲ್ಲಿಂದ?

ಪ್ರಶ್ನೆ ಬೇಗ ಕಳಿಸು. ನಿನ್ನ ರಕ್ತನಿಧಿಯಲ್ಲಿ ಕೆಲಸ ಜಾಸ್ತಿಯಿದ್ದರೆ ಎರಡೇ ಸಾಕು.

ಪ್ರೀತಿಯಿಂದ,
ಇಟ್ಟಿ ಕೊಚ್ಚಪ್ಪನ್
(ಈ ವರ್ಷದ ನಾಸ್ತಿಕ)

*

ನೆಲ್ಯಾಡಿ
೨೩ ಏಪ್ರಿಲ್ ೨೦೨೫, ಬುಧವಾರ

ಪ್ರೀತಿಯ ಮೋಳೆ,

ನಿನ್ನ ಕಾಗದ ಸಮಯಕ್ಕೆ ಸರಿಯಾಗಿ ಬಂತು. ಪ್ರಶ್ನೆಗಳ ಕೆಳಗೆ "ಅಚ್ಚನನ್ನು ತುಂಬಾ ಬೆವರಿಸಬೇಡಿ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಖುಷಿಯಾಯಿತು. ಕೊಚ್ಚಮ್ಮನ ಕೈಯ ಅಪ್ಪ ತಿಂದು ಬೆಳೆದವಳಿಗೆ ಅಷ್ಟಾದರೂ ದಾಕ್ಷಿಣ್ಯ ಉಂಟಲ್ಲ. ಈ ಉತ್ತರ ತಡವಾದದ್ದಕ್ಕೆ ಕಾರಣ ಬರೆಯುತ್ತೇನೆ. ಸ್ವಲ್ಪ ಉದ್ದ ಉಂಟು, ಚಹಾ ಇಟ್ಟುಕೊಂಡು ಓದು.

ಇಗರ್ಜಿಯ ಹಾಲ್ ತುಂಬಿತ್ತು. ಸಿದ್ದೀಕನ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ತಂದರೂ ಸಾಲದೆ ಹುಡುಗರು ಕಿಟಕಿಯಲ್ಲಿ ಕೂತಿದ್ದರು. ತಮಾಷೆ ನೋಡಲಿಕ್ಕೆ ತೀರ್ಥರಾಮನೂ ಬಂದಿದ್ದ. ಅಚ್ಚನ್ ಮೊದಲು ಆಧುನಿಕ ಸಂಸ್ಕೃತಿಯ ಮೇಲೆ ಮಾತಾಡಿದರು. ಪರದೆಯ ಮೇಲೆ ಒಂದು ಚಿತ್ರ. ಮನೆಯವರೆಲ್ಲ ಊಟಕ್ಕೆ ಕೂತಿದ್ದಾರೆ, ಎಲ್ಲರ ಕೈಯಲ್ಲೂ ಫೋನು, ಯಾರೂ ಯಾರನ್ನೂ ನೋಡುದಿಲ್ಲ. ಜನರಿಗೆ ಅದು ಎಷ್ಟು ಹಿಡಿಸಿತು ಅಂದರೆ ಎಲ್ಲರೂ ಫೋನು ತೆಗೆದು ಅದರ ಫೋಟೊ ಹೊಡೆದರು.

ಮತ್ತೆ ನನ್ನ ಸರದಿ. ನಾನು ಸುಮ್ಮನೆ ಹೋಗುವವನಾ? ಕಪ್ಪು ಕನ್ನಡಕ ಹಾಕಿ, ಅಂಗಿಯ ಕಾಲರ್ ಎತ್ತಿ, ಹಿಂದಿನ ಬಾಗಿಲಿನಿಂದ ನಡೆದು ಬಂದೆ. ಮಕ್ಕಳು ಕಿರುಚಿದವು. "ಎಲ್ಲವನ್ನೂ ದೇವರು ಮಾಡಿದ್ದಾದರೆ ದೇವರನ್ನು ಯಾರು ಮಾಡಿದ್ದು?" ಅಂತ ನಿನ್ನ ಮೊದಲನೇ ಪ್ರಶ್ನೆ ಬಿಟ್ಟೆ. ಅಚ್ಚನ್ ಬಾವಿಯ ಲೆಕ್ಕ ಹೇಳಿದರು. ಬಾವಿಗೆ ನೀರು ಒರತೆಯಿಂದ, ಒರತೆಗೆ ಗುಡ್ಡದಿಂದ, ಗುಡ್ಡಕ್ಕೆ ಮಳೆಯಿಂದ, ಹೀಗೆ ಕೇಳುತ್ತಾ ಹೋದರೆ ಯಾರೂ ತುಂಬಿಸದ ನೀರು ಎಲ್ಲೋ ಒಂದು ಕಡೆ ಇರಲೇಬೇಕಲ್ಲ ಅಂತ. ಚಪ್ಪಾಳೆ. ಈ ಉತ್ತರಕ್ಕೆ ನಿನ್ನ ಹತ್ತಿರ ಮರುಪ್ರಶ್ನೆ ಇರಬಹುದು, ನನ್ನ ಹತ್ತಿರ ಇರಲಿಲ್ಲ.

ಎರಡನೇ ಪ್ರಶ್ನೆ, "ದೇವರಿಲ್ಲದೆ ಒಳ್ಳೆಯವರಾಗಿ ಬದುಕಲಿಕ್ಕೆ ಆಗುದಿಲ್ಲವಾ?"

"ಆಗ್ತದೆ" ಅಂದರು ಅಚ್ಚನ್. ಹಾಲಿನಲ್ಲಿ ಗುಸುಗುಸು ಶುರುವಾಯಿತು. "ಆಗ್ತದೆ, ನಾನು ಕಂಡಿದ್ದೇನೆ. ನಾವು ರಕ್ತ ಇಲ್ಲದೆ ಬಿದ್ದಿರುವಾಗ ಬಾಟಲಿ ಹಿಡಿದು ಬಂದವರ ಹತ್ತಿರ ನಿಮಗೆ ನಂಬಿಕೆ ಉಂಟಾ ಅಂತ ಕೇಳ್ತೇವಾ? ಆ ಒಳ್ಳೆಯತನ ಅವರಿಗೆ ಎಲ್ಲಿಂದ ಬಂತು ಅಂತ ನನಗೆ ನನ್ನದೇ ಒಂದು ಲೆಕ್ಕ ಉಂಟು. ಅವರು ಒಪ್ಪಬೇಕಂತ ಇಲ್ಲ." ಅದು ಯಾರ ಬಗ್ಗೆ ಅಂತ ನನಗೂ ಗೊತ್ತಾಯಿತು, ಮುಂದಿನ ಸಾಲಿನಲ್ಲಿ ಕೂತಿದ್ದ ನಿನ್ನ ಅಪ್ಪನಿಗೂ ಗೊತ್ತಾಯಿತು. ಅವನು ಉಗುರು ನೋಡುತ್ತಾ ಕೂತ.

ಮೂರನೆಯದಕ್ಕೆ ಚೀಟಿ ತೆಗೆದೆ. ಕಪ್ಪು ಕನ್ನಡಕದಲ್ಲಿ ಒಂದಕ್ಷರ ಕಾಣುದಿಲ್ಲ. ಕನ್ನಡಕ ತೆಗೆದರೆ ನಾಸ್ತಿಕನ ಗತ್ತು ಹೋಗ್ತದೆ. ಹೆರೋದನಿಗೆ ಮಾತು ಮರೆತರೆ ಬಾಯಿಗೆ ಬಂದದ್ದು ಹೇಳಿ ದಾಟಿಸಿದವ ನಾನು, ಇಲ್ಲಿಯೂ ಹಾಗೇ ಮಾಡುವ ಅಂತ ಬಾಯಿ ತೆರೆದೆ.

"ಅಚ್ಚಾ, ನಾನು ಮೊದಲರ್ಧ ಹೇಳಿ ನಿಲ್ಲಿಸುದು. ಉತ್ತರ ಬರುದಿಲ್ಲ. ಆ ಕಡೆ ಯಾರೂ ಇದ್ದ ಹಾಗೆ ಕಾಣುದಿಲ್ಲ. ಇದ್ದಾರಾ?"

ಈ ಮಾತು ಎಲ್ಲಿಂದ ಬಂತು ಅಂತ ಈಗ ಕೇಳಬೇಡ. ಹೇಳುವಾಗ ನನ್ನ ಸ್ವರ ಹೆರೋದನ ಸ್ವರ ಆಗಿರಲಿಲ್ಲ. ಅಚ್ಚನ್ ನನ್ನನ್ನೇ ನೋಡಿದರು. ಕೈಯಲ್ಲಿದ್ದ ರಿಮೋಟಿನ ಗುಂಡಿಯನ್ನು ಗೊತ್ತಿಲ್ಲದೆ ಒತ್ತಿಬಿಟ್ಟರು ಅಂತ ಕಾಣ್ತದೆ, ಪರದೆಯ ಮೇಲೆ ಗುಲಾಬಿ ಹೂವಿನೊಟ್ಟಿಗೆ 'ಧನ್ಯವಾದಗಳು' ಅಂತ ಬಂತು. ಹಿಂದಿನವರು ಜೋರು ಚಪ್ಪಾಳೆ ತಟ್ಟಿದರು. ಯಾರೋ "ಇಟ್ಟಿಚ್ಚೇಟ್ಟನ್ ಸೂಪರ್!" ಅಂತ ಕೂಗಿದ. ಮುಂದೆ ಕೂತವರು ತಟ್ಟಲಿಲ್ಲ. ಅವರಿಗೆ ಕನ್ನಡಕದ ಕೆಳಗಿನ ನನ್ನ ಕೆನ್ನೆ ಕಾಣುತ್ತಿತ್ತು.

ತೀರ್ಥರಾಮ ಎದ್ದು ಬಂದು ನನ್ನ ರಟ್ಟೆ ಹಿಡಿದ. "ಇಟ್ಟಿಯಣ್ಣ, ಬನ್ನಿ, ಬೈಕು ಹೊರಗೆ ಉಂಟು." ದಾರಿಯಲ್ಲಿ ಒಂದು ತಮಾಷೆಯನ್ನೂ ಮಾಡಲಿಲ್ಲ. ಅಷ್ಟು ಹೆದರಿಸಿಬಿಟ್ಟಿದ್ದೆ ಅವನನ್ನು.

ಅಲ್ಲಿಂದ ಶುರು ಮೋಳೆ. ನನ್ನ ಪಾರ್ಟು ಮುಗಿದರೂ ವೇಷ ಕಳಚಲಿಲ್ಲ. ನಮ್ಮ ವಾರ್ಡಿನ ಪ್ರಾರ್ಥನಾ ಕೂಟ ಮನೆಯಿಂದ ಮನೆಗೆ ಹೋಗುದಲ್ಲವಾ, ಆ ವಾರ ನನ್ನ ಮನೆಗೆ ಬರಬೇಕಿತ್ತು. ನಾನು ಜಗಲಿ ಗುಡಿಸಿ, ನಿಂಬೆ ಶರಬತ್ತು ಕಲಸಿ, ನನ್ನ ಜೇನನ್ನೇ ಹಾಕಿ ಕಾದೆ. ಕೂಟ ನನ್ನನ್ನು ಹಾರಿಸಿ ಮುಂದಿನ ಮನೆಗೆ ಹೋಗಿತ್ತು. ವಾರ್ಡಿನ ಲೀಡರ್ ಸೋನಾ, "ನಿಮಗೆ ಸುಸ್ತಿರಬಹುದು ಅಂತ ಭಾವಿಸಿದೆವು ಚೇಟ್ಟಾ" ಅಂದಳು. ಶರಬತ್ತು ಬೆಕ್ಕು ಮೂಸಿ ನೋಡಿ ಬಿಟ್ಟಿತು. ನಿನ್ನ ಅಪ್ಪ ಮಾತ್ರ ನೇರ ಬಂದ. "ಎಡಾ ಇಟ್ಟಿ, ಕುಟುಂಬಕ್ಕೆ ಒಬ್ಬಳು ಸಾಲದು ಅಂತ ನೀನೂ ಹೊರಟದ್ದಾ?" ನಾನು "ಅಣ್ಣಾ, ಅದು ನಾಟಕ" ಅಂದೆ. "ನಿನ್ನ ನಾಟಕ ನಾನು ಸಣ್ಣದರಿಂದ ನೋಡ್ತಾ ಬಂದವ. ಅದು ನಾಟಕ ಅಲ್ಲ" ಅಂದ. ಅವನು ಸಿಟ್ಟಿನವ ಹೌದು, ಪೆದ್ದ ಅಲ್ಲ.

ಪೆಸಹಾ ಗುರುವಾರ ಬಂತು, ಈಶೋವಿನ ಕೊನೆಯ ಊಟದ ನೆನಪಿನ ದಿನ. ಸಾವಾದ ವರ್ಷ ಆ ಮನೆಯಲ್ಲಿ ಪೆಸಹಾದ ಅಪ್ಪ, ಆ ಹುಳಿ ಹಾಕದ ಅಕ್ಕಿರೊಟ್ಟಿ, ಬೇಯಿಸುವ ಕ್ರಮ ನಮ್ಮಲ್ಲಿಲ್ಲ. ನೆರೆಕರೆಯವರೋ ಸಂಬಂಧಿಕರೋ ಬೇಯಿಸಿ ತಂದು ಕೊಡಬೇಕು. ಕೊಚ್ಚಮ್ಮ ಎಷ್ಟು ಮನೆಗೆ ಹಾಗೆ ಕೊಂಡುಹೋಗಿದ್ದಾಳೆ, ತಟ್ಟೆಗೆ ಬಾಳೆಲೆ ಮುಚ್ಚಿ ನಿನ್ನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದಳಲ್ಲ.

ನಾನು ಸ್ನಾನ ಮಾಡಿ, ಒಗೆದ ಮುಂಡು ಉಟ್ಟು, ಜಗಲಿಯಲ್ಲಿ ಕೂತೆ. ಇಗರ್ಜಿಗೆ ಹೋಗಲಿಲ್ಲ. ಹೋದರೆ ಜನ ಜಾಗ ಬಿಟ್ಟು ಕೂರ್ತಾರೆ ಅಂತ ಒಂದು ನಾಚಿಕೆ. ಮುಸ್ಸಂಜೆ ಆಯಿತು. ಯಾರೂ ಬರಲಿಲ್ಲ. ನಿನ್ನ ಅಪ್ಪ ಸೋನಾ ಕೊಡ್ತಾಳೆ ಅಂತ, ಸೋನಾ ನಿನ್ನ ಅಪ್ಪ ಕೊಡ್ತಾನೆ ಅಂತ, ಹೀಗೇ ಆಗಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ನಂಬಲಿಕ್ಕೆ ಪ್ರಯತ್ನ ಮಾಡಿದೆ.

ಕತ್ತಲಾಗುವಾಗ ಅಚ್ಚನ ಸ್ಕೂಟರ್ ಬಂತು. ಕೈಯಲ್ಲಿ ತಟ್ಟೆ, ಬಾಳೆಲೆ ಮುಚ್ಚಿದ್ದು. ಆದದ್ದು ಎಂತ ಅಂದರೆ, ಪೂಜೆ ಮುಗಿದ ಮೇಲೆ ಸೋನಾ ಅದೇ ತಟ್ಟೆ ಹಿಡಿದು ಅಚ್ಚನ ಹತ್ತಿರ ಹೋಗಿದ್ದಾಳೆ. "ಅಚ್ಚಾ, ನಂಬಿಕೆ ಬಿಟ್ಟವರ ಮನೆಗೆ ಪೆಸಹಾದ ಅಪ್ಪ ಕೊಡಬಹುದಾ?" ಅಂತ ಕೇಳಿದ್ದಾಳೆ. ಅಚ್ಚನ್ ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಸ್ಕೂಟರ್ ಹತ್ತಿದರಂತೆ. ಸೋನಾಳೇ ಮರುದಿನ ಬಂದು ಹೇಳಿ ಅತ್ತಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಬೇಯಿಸಿಯಾದರೂ ಇಟ್ಟಿದ್ದಳಲ್ಲ.

ಅಪ್ಪ ಕೊಯ್ದು, ಬೆಲ್ಲದ ಹಾಲಿಗೆ ಅದ್ದಿ, ಇಬ್ಬರೂ ತಿಂದೆವು. ನಾನು ವಾದಕ್ಕೆ ರೆಡಿಯಾಗಿ ಕೂತಿದ್ದೆ. ಅಚ್ಚನ್ ಹೇಳಿದರು, "ಆ ಪ್ರಶ್ನೆಗೆ ನನ್ನ ಹತ್ತಿರ ಸ್ಲೈಡ್ ಇಲ್ಲ ಚೇಟ್ಟಾ."

"ನಾನು ತಮಾಷೆಗೆ..."

"ಅಲ್ಲ ಅಂತ ಇಬ್ಬರಿಗೂ ಗೊತ್ತುಂಟು." ಅಚ್ಚನ್ ತಟ್ಟೆ ಬದಿಗಿಟ್ಟರು. "ಸೆಮಿನರಿಯಲ್ಲಿ ಸಂಜೆ ನಾವು ಹುಡುಗರೆಲ್ಲ ಒಟ್ಟಿಗೆ ಜಪ ಹೇಳುತ್ತಿದ್ದೆವು, ಹಂಚಿನ ಮಾಡು ಹಾರಿಹೋಗುವ ಹಾಗೆ. ಇಲ್ಲಿ ಪಾದ್ರಿಮನೆಯ ಬಾಗಿಲು ಹಾಕಿದ ಮೇಲೆ ನಾನೊಬ್ಬನೇ. ಮೊದಲರ್ಧವೂ ನಾನೇ, ಉತ್ತರವೂ ನಾನೇ. ಕೆಲವು ದಿನ ನನ್ನ ಸ್ವರ ಕೇಳಿ ನನಗೇ ಹೆದರಿಕೆ ಆಗ್ತದೆ. ನಾಸ್ತಿಕರಿಗೆ ಉತ್ತರ ಕೊಡ್ತೇನೆ ಅಂತ ಬ್ಯಾನರ್ ಹಾಕಿದವ ನಾನು."

"ಇನ್ನೊಂದು ತುಂಡು ಅಪ್ಪ ತೆಗೆದುಕೊಳ್ಳಿ" ಅಂದೆ.

ತಿಂದು ಕೈ ತೊಳೆದು ಬಂದು, "ನೀವು ಮೊದಲರ್ಧ ಹೇಳಿ, ಉಳಿದದ್ದು ನಾನು" ಅಂದರು. ಇಬ್ಬರೂ ಜಪಸರ ಮುಗಿಸಿದೆವು. ಒಂದು ಕಡೆ ನಾನು ನಿಲ್ಲಿಸುವಾಗ ಆ ಕಡೆಯಿಂದ ಸ್ವರ ಎತ್ತಿಕೊಳ್ಳುದು, ಅದನ್ನು ನಾನು ಎಷ್ಟು ತಿಂಗಳಿಂದ ಕೇಳಿರಲಿಲ್ಲ. ಮತ್ತೆ ಅಚ್ಚನ್ ಎದ್ದು, ಊರಿನವರೆಲ್ಲ ಯಾರಿಗೆ ಕೈಮುಗಿದು ಸ್ತುತಿ ಕೊಡ್ತಾರೋ ಅವರೇ, ನನ್ನ ಮುಂದೆ ಬಗ್ಗಿ ಕೈಮುಗಿದು "ಈಶೋಗೆ ಸ್ತುತಿಯಾಗಲಿ" ಅಂದರು. ನೀನು ನಿಲ್ಲುತ್ತಿದ್ದ ಜಾಗದಲ್ಲೇ. ನಾನು "ಈಗಲೂ ಯಾವಾಗಲೂ" ಅಂದೆ. "ಊಟ ಆಯಿತಾ?" ಅಂತ ಬಾಯಿಯ ತುದಿಗೆ ಬಂದಿತ್ತು, ಹೇಗೋ ತಡೆದೆ.

ಈಗ ಅವರು ಸಂಜೆ ಪುರುಸೊತ್ತಾದರೆ ಬರ್ತಾರೆ. ಇಸ್ಪೀಟಿನಲ್ಲಿ ನನ್ನ ಹತ್ತಿರ ಸೋಲ್ತಾರೆ. ನಾಸ್ತಿಕನ ಕೈಯಲ್ಲಿ ಪಾದ್ರಿ ಸೋತರು ಅಂತ ನಾನು ಊರಿಡೀ ಹೇಳುವಾಗ ಜನ ನಗ್ತಾರೆ, ಆದರೆ ಮೊದಲಿನಷ್ಟು ದೂರ ನಿಂತು ಅಲ್ಲ.

ಈಸ್ಟರಿನ ಶುಭಾಶಯ ನಿನಗೆ ಹೇಳಬಹುದೋ ಬಾರದೋ ಗೊತ್ತಿಲ್ಲ. ಹೇಳಿದ್ದೇನೆ. ಬೇಡದಿದ್ದರೆ ಈ ಸಾಲು ಬಿಟ್ಟು ಓದು.

ನಿನ್ನ,
ಇಟ್ಟಿ ಕೊಚ್ಚಪ್ಪನ್

*

ನೆಲ್ಯಾಡಿ
೨೦ ಜುಲೈ ೨೦೨೫, ಆದಿತ್ಯವಾರ

ಪ್ರೀತಿಯ ಜೋಸ್ನಾ ಮೋಳೆ,

ಮತ್ತೆ ತಡ. ನಿನ್ನ ಎರಡು ಕಾಗದಕ್ಕೆ ನನ್ನದು ಒಂದು. ಬೈಯುದಾದರೆ ಬಂದು ಮುಖ ನೋಡಿ ಬೈ, ಯಾಕಂದರೆ ಈ ಕಾಗದ ಬರೆಯುದೇ ನಿನ್ನನ್ನು ಕರೆಯಲಿಕ್ಕೆ.

ಜೆಫಿನ್ ಅಚ್ಚನಿಗೆ ಮೇ ತಿಂಗಳಲ್ಲಿ ವರ್ಗವಾಯಿತು. ಘಟ್ಟದ ಮೇಲೆ ಎಲ್ಲೋ, ಫೋನು ಸಿಗದ ಕಡೆ. ಬೀಳ್ಕೊಡುವ ದಿನ ಎಲ್ಲರೂ ಶಾಲು ಹಾಕಿದರು, ನಾನು ಒಂದು ಬಾಟಲಿ ಜೇನು ಕೊಟ್ಟೆ. ನಿನಗೆ ಇಟ್ಟದ್ದೇ ಅದು, ಬೇಜಾರು ಮಾಡಬೇಡ, ಬೇರೆ ತುಂಬಿಸಿಟ್ಟಿದ್ದೇನೆ. ಹೊರಡುವಾಗ ಅಚ್ಚನ್ ನಿನ್ನ ಬಗ್ಗೆ ಕೇಳಿದರು. "ಆ ಹುಡುಗಿಗೆ ಒಂದು ಉತ್ತರ ಕೊಡಬೇಕು ಅಂತ ಎಷ್ಟೋ ತಿಂಗಳು ಓದಿದೆ ಚೇಟ್ಟಾ. ಅವಳು ಊಟ ಮಾಡದೆ ಬಸ್ಸು ಹತ್ತಿದಳು ಅಂತ ಆ ದಿನ ನೋಡಿದ್ದೆ. ಹಿಂದೆ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿಸಿದ್ದರೆ ಸಾಕಿತ್ತು" ಅಂದರು. ಈ ಮಾತು ನಿನಗೆ ತಲುಪಿಸಬೇಕು ಅಂತ ಅವರೇನೂ ಹೇಳಲಿಲ್ಲ. ನಾನಾಗಿ ತಲುಪಿಸುದು.

ಹೊಸ ಅಚ್ಚನ್ ವಯಸ್ಸಾದವರು, ಒಳ್ಳೆಯವರು, ಸಂಜೆ ಬೇಗ ಮಲಗ್ತಾರೆ. ಹಾಗಾಗಿ ಜಪಸರ ಮತ್ತೆ ನಾನೊಬ್ಬನೇ. ಈಗ ಒಂದು ಹೊಸ ಕ್ರಮ ಮಾಡಿದ್ದೇನೆ. ಎರಡೂ ಅರ್ಧ ಹೇಳುದಿಲ್ಲ. ಮೊದಲರ್ಧ ಹೇಳಿ, ಉಳಿದರ್ಧಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದು, ಮುಂದಿನದು ಹೇಳುದು. ಆ ಸುಮ್ಮನಿರುವಾಗ ಕಪ್ಪೆಯೋ, ತೀರ್ಥರಾಮನ ಮನೆಯ ಟಿವಿಯೋ, ಏನಾದರೊಂದು ಕೇಳಿಸ್ತದೆ. ಮೊನ್ನೆ ತೀರ್ಥರಾಮನ ಹೆಂಡತಿ ಪೂವಮ್ಮ ಹಲಸಿನ ಹಪ್ಪಳ ಕೊಡಲಿಕ್ಕೆ ಬಂದವಳು, "ಎಂತ ಇಟ್ಟಿಯಣ್ಣ, ಯಾರಿಗಾದರೂ ಕಾಯ್ತಿದ್ದೀರಾ?" ಅಂದಳು. "ಹೌದು, ಹಪ್ಪಳಕ್ಕೆ" ಅಂದೆ.

ವಿಷಯಕ್ಕೆ ಬರ್ತೇನೆ. ಆಗಸ್ಟ್ ಹದಿನಾರನೇ ತಾರೀಕಿಗೆ ಕೊಚ್ಚಮ್ಮನ ವರ್ಷದ ಪ್ರಾರ್ಥನೆ. ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ, ಸಮಾಧಿಯ ಹತ್ತಿರ ಪ್ರಾರ್ಥನೆ, ಮತ್ತೆ ನಮ್ಮ ಮನೆಯಲ್ಲಿ ಊಟ. ನೀನು ಬರಬೇಕು. ಮೊಣಕಾಲೂರಬೇಕಾಗಿಲ್ಲ, ಪುಸ್ತಕ ಹಿಡಿಯಬೇಕಾಗಿಲ್ಲ, ಇಗರ್ಜಿಯ ಒಳಗೆ ಬರಬೇಕಾಗಿಲ್ಲ. ಇದು ನನ್ನ ಮನೆ, ನನ್ನ ಮೆಟ್ಟಿಲು. ಅಡಿಗೆಕೋಣೆಯಲ್ಲಿ ನನ್ನೊಟ್ಟಿಗೆ ಗಸಿಯ ಪಾತ್ರೆ ಕಾಯ್ದುಕೊಂಡು ಕೂತರೆ ಸಾಕು. ಈ ಸಲ ಸೌಟು ಗಟ್ಟಿ ಹಿಡಿಯುತ್ತೇನೆ.

ನಿನ್ನ ಅಪ್ಪನ ಬಗ್ಗೆ ಚಿಂತೆ ಮಾಡಬೇಡ, ಅವನನ್ನು ನಾನು ಪಳಗಿಸಿದ್ದೇನೆ. ಅವನು ಬಾಯಿಬಿಟ್ಟು ನಿನ್ನ ಹೆಸರು ಹೇಳಲಿಲ್ಲ. ಮೊನ್ನೆ ರಬ್ಬರ್ ಶೀಟಿನ ಮಾತಾಡುತ್ತಾ ನಡುವೆ, "ಆ ದಾವಣಗೆರೆ ಕಡೆಯಿಂದ ಸುಬ್ರಹ್ಮಣ್ಯಕ್ಕೆ ನೇರ ಬಸ್ಸು ಉಂಟಾ?" ಅಂತ ಕೇಳಿದ. "ನಿನಗೆ ಯಾಕೆ ಸುಬ್ರಹ್ಮಣ್ಯ?" ಅಂತ ನಾನು ಕೇಳಿದೆ. "ಸುಮ್ಮನೆ ಕೇಳಿದ್ದು ಮಾರಾಯ" ಅಂತ ಮುಖ ತಿರುಗಿಸಿದ. ಪಳಗಿಸಿದ್ದು ನಾನು ಅಂತ ಬರೆದೆನಲ್ಲ, ಅದನ್ನು ಅಷ್ಟು ನಂಬಬೇಡ. ಅವನಾಗಿಯೇ ಪಳಗಿದ್ದು. ನೀನು ಬಸ್ಸಿನಲ್ಲಿ ಬರುದಾದರೆ ತಿಳಿಸು. ಸುಬ್ರಹ್ಮಣ್ಯಕ್ಕೆ ತೀರ್ಥರಾಮನ ಜೀಪು ತರ್ತೇನೆ. ಪಂಜಕ್ಕೆ ಬರುದಾದರೆ ಪಂಜಕ್ಕೇ ತರ್ತೇನೆ.

ಬಾರದಿದ್ದರೂ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಕೈ ಮುಟ್ಟಿದ ರಕ್ತದ ಬಾಟಲಿಗಳೆಲ್ಲ ಯಾರನ್ನಾದರೂ ಬದುಕಿಸಲಿ. ನಿನಗೆ ಕಾಯಿಲೆ ಬಾರದಿರಲಿ, ಒಳ್ಳೆಯ ನಿದ್ದೆ ಬರಲಿ, ಜೊತೆಗೆ ಕೂತು ಊಟ ಮಾಡುವವರು ನಿನಗೆ ಯಾವಾಗಲೂ ಇರಲಿ. ಆಶೀರ್ವಾದ ಅಂದರೆ ನಿನಗೆ ಆಗುದಿಲ್ಲವಾದರೆ ಇದನ್ನು ನನ್ನ ಆಸೆ ಅಂತ ಇಟ್ಟುಕೋ.

ನಿನ್ನ,
ಇಟ್ಟಿ ಕೊಚ್ಚಪ್ಪನ್

ಮರೆತ ಮಾತು: ಮರೆತದ್ದಲ್ಲ, ಮೂರು ಕಾಗದದಿಂದ ಬರೆಯದೆ ಉಳಿಸುತ್ತಾ ಬಂದದ್ದು.

ಹಾಲಿನಲ್ಲಿ ನಾನು ಕೇಳಿದ ಆ ಪ್ರಶ್ನೆ ನಿನ್ನದಲ್ಲ, ನನ್ನದೂ ಅಲ್ಲ. ಆಸ್ಪತ್ರೆಯಲ್ಲಿ ಕೊನೆಯ ಸಂಜೆ ನಾನು ಜಪಸರ ಹಿಡಿದು ಮೊದಲರ್ಧ ಹೇಳಿ ನಿಲ್ಲಿಸಿದೆ. ಕೊಚ್ಚಮ್ಮ ಉತ್ತರ ಹೇಳಲಿಲ್ಲ. ಸುಸ್ತು ಅಂತ ಕಾದೆ. ಆಗ ಅವಳು ನನ್ನ ಕೈ ಹಿಡಿದು, "ಸಾಕು ಇಚ್ಚಾಯ. ಆ ಕಡೆ ಯಾರೂ ಇದ್ದ ಹಾಗೆ ನನಗೆ ಕಾಣುದಿಲ್ಲ" ಅಂದಳು. ಜೀವಮಾನ ಇಡೀ ಒಂದು ಸಂಜೆಯೂ ಜಪ ತಪ್ಪಿಸದವಳು. ನಾನು "ಇದ್ದಾರೆ ಕತ್ರೀನಾ, ನನ್ನ ಹಾಗೆ ನಿದ್ದೆ ಹೋಗಿರಬೇಕು" ಅಂದೆ. ಅವಳು ನಕ್ಕಳೋ ಇಲ್ಲವೋ ನನಗೆ ಕಾಣಲಿಲ್ಲ, ಲೈಟು ಅವಳ ಹಿಂದೆ ಇತ್ತು. ಮತ್ತೆ ಮಾತಾಡಲಿಲ್ಲ. ಕೈ ಬಿಡಲೂ ಇಲ್ಲ.

ನಲವತ್ತೊಂದನೇ ದಿನ ನಿನ್ನ ಬಾಯಿಯಿಂದ ಅದೇ ಮಾತು ಬಂದಾಗ ಸೌಟು ತಾನಾಗಿ ಬಿತ್ತು ಮೋಳೆ.

ಅಚ್ಚನಿಗೂ ಇದನ್ನು ಹೇಳಲಿಲ್ಲ. ಹೇಳಿದ್ದರೆ ಅವರು ಕೊಚ್ಚಮ್ಮನ ಆತ್ಮಕ್ಕೆ ಇನ್ನೊಂದು ಪೂಜೆ ಮಾಡುತ್ತಿದ್ದರು. ನನಗೆ ಬೇಕಾದದ್ದು ಅದಲ್ಲ. ಅವಳು ಕೊನೆಗೆ ಹೋಗಿ ನಿಂತ ಜಾಗದಲ್ಲಿ, ಆ ಕಡೆ ಯಾರೂ ಇಲ್ಲದಲ್ಲಿ, ನೀನು ದಿನಾ ಇರುವವಳು. ಇಡೀ ಊರಿನಲ್ಲಿ ಆ ಜಾಗ ಗೊತ್ತಿರುವುದು ನಿನಗೊಬ್ಬಳಿಗೆ. ಅಲ್ಲಿ ತುಂಬಾ ಹೆದರಿಕೆ ಆಗ್ತದಾ? ಒಂದು ಕೈ ಹಿಡಿದುಕೊಳ್ಳಲಿಕ್ಕೆ ಸಿಕ್ಕಿದರೆ ಅಷ್ಟು ಸಾಕಾಗ್ತದಾ? ಇದಕ್ಕೆ ಕಾಗದದಲ್ಲಿ ಉತ್ತರ ಬರೆಯಬೇಡ. ಬಂದು ಹೇಳು.